ಮನೆವಾರ್ತೆ: ತೊಟ್ಟಿಯೊಳಗಿನ ಸ್ಪಂಜು

ಕಳಂಬೋಲಿಯ ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟು, ಸ್ಪಂಜಿನ ಕಾಟಕ್ಕೆ ಬೇಸತ್ತ ವಾಚಕರಿಗೆ ಈ ನಾಲ್ಕು ಮಾತು.

ಸ್ಪಂಜು ಗಿಡವಲ್ಲ, ಪ್ರಾಣಿ. ಮೈಯ ರಂಧ್ರಗಳಿಂದ ನೀರನ್ನು ಸೋಸಿ, ಅದರಲ್ಲಿನ ಸೂಕ್ಷ್ಮಜೀವಿಗಳನ್ನೂ ಆಹಾರದ ಕಣಗಳನ್ನೂ ತಿನ್ನುತ್ತದೆ. ಆದುದರಿಂದ ಮೊದಲು ಮೀನಿಗೆ ಉಣಿಸುವ ಕೈಯನ್ನು ಬಿಗಿಹಿಡಿಯಿರಿ. ಆಗಾಗ್ಗೆ ಸ್ವಲ್ಪ ನೀರು ಬದಲಿಸಿರಿ.

ತೊಟ್ಟಿಯೊಳಗೇ ಕೆರೆಯಬೇಡಿರಿ. ಬಟ್ಟೆಯಲ್ಲಿ ಹಿಂಡಿ ಪುಡಿಮಾಡಿದ ಸ್ಪಂಜಿನ ಕಣಗಳೂ ಮತ್ತೆ ಕೂಡಿ ಬೆಳೆಯುವುದನ್ನು ವಿಲ್ಸನ್ ಎಂಬ ವಿಜ್ಞಾನಿ 1907ರಲ್ಲೇ ತೋರಿಸಿದರು. ಕಲ್ಲನ್ನು ಹೊರತೆಗೆದು, ಕೈಗವಸು ತೊಟ್ಟು, ಬ್ರಶ್ಶಿನಿಂದ ಉಜ್ಜಿ, ಬೇರೆ ಉಪ್ಪುನೀರಿನಲ್ಲಿ ತೊಳೆಯಿರಿ. ಒಂದೇ ದಿನ ಎಲ್ಲವನ್ನೂ ಕೊಂದರೆ ಅವು ಕೊಳೆತು, ಮೀನಿಗೂ ಅಪಾಯ. ವಾರಕ್ಕೊಂದು ಕಲ್ಲು ಸಾಕು.

ಊರಿಗೆ ಹೊರಡುವ ಮುನ್ನ ನೀರಿಳಿಯುವ ಕೊಳವೆಯನ್ನು ತಪ್ಪದೆ ನೋಡಿರಿ. ಸ್ಪಂಜು ಕಟ್ಟಿಕೊಂಡರೆ ತೊಟ್ಟಿ ಉಕ್ಕಿ, ಕೆಳಮನೆಯವರ ಸೂರು ತೊಯ್ದೀತು! ಕೊಳವೆ ಬಿಚ್ಚಿ, ಸಿಹಿನೀರಿನಲ್ಲಿ ನೆನೆಯಿಸಿ, ಬಿಸಿಲಿಗೆ ಒಣಗಿಸಿರಿ.

ಇನ್ನೊಂದು ಮಾತು. ನಮ್ಮ ಕಡಲಿನ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದ ಚೂರು ಹವಳವನ್ನೂ ತರಲಾಗದು.

ಮೂಲೆಯಲ್ಲಿರುವ ಪುಟ್ಟ ಸ್ಪಂಜನ್ನು ಹಾಗೆಯೇ ಬಿಡಿರಿ. ಅದು ಸಂಬಳವಿಲ್ಲದೆ ನೀರು ಸೋಸುವ ಆಳು.