ನಮ್ಮ ಹುಚ್ಚಿನ ಫೋಟೊ ನಿಮ್ಮ ಹುಂಡಿಗಲ್ಲ

ಬಂಧುಗಳೇ, ಇದು ಸ್ವಲ್ಪ ಉದ್ದ ಆಗುತ್ತೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ತಿಂಗಳು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿರೋ ನಮ್ಮ ಕೇರಿ ಹುಡುಗ ವಾಟ್ಸಾಪಲ್ಲಿ ಒಂದು ಪೋಸ್ಟರ್ ಕಳಿಸಿದ. ‘ಅಣ್ಣ, ಇದು ನಮ್ಮೋನೇ ಅಲ್ವಾ?’ ಅಂದ. ನೋಡಿದೆ. ನನ್ನ ದೊಡ್ಡಮ್ಮನ ಮಗ. ಗಡ್ಡ ಬೆಳೆದಿದೆ, ಅಂಗಿ ಹರಿದಿದೆ, ಎ.ಕೆ. ಕಾಲೊನಿ ಮನೆ ಮುಂದಿನ ಕಟ್ಟೆ ಮೇಲೆ ಕೂತಿದಾನೆ. ಕೆಳಗೆ ದಾನ ಕೊಡಿ ಅಂತ ಬರೆದು, ಸ್ಕ್ಯಾನ್ ಮಾಡೋಕೆ ಕ್ಯೂಆರ್ ಕೋಡ್ ಹಾಕಿದಾರೆ.

ಆ ಫೋಟೊ ಎರಡು ವರ್ಷ ಹಳೇದು. ಈಗ ಅವನು ದಿನಾ ಮಾತ್ರೆ ತಗೊಂತಾನೆ, ಶೇಂಗಾ ಕೀಳೋಕೆ ಹೋಗ್ತಾನೆ, ಸಂಜೆ ಚಹಾ ಅಂಗಡೀಲಿ ಕೂತು ಎಲ್ರ ಜೊತೆ ನಗ್ತಾನೆ. ಆದ್ರೆ ದಾನಿಗಳ ಕಣ್ಣಿಗೆ ಅವನು ಇವತ್ತಿಗೂ ಅದೇ ಹುಚ್ಚ. ಅವನ ತಂಗಿಗೆ ಬಂದಿದ್ದ ಗಂಡಿನ ಕಡೆಯೋರು ಪೋಸ್ಟರ್ ನೋಡಿ ಫೋನ್ ಎತ್ತೋದೇ ಬಿಟ್ರು. ‘ಯಾಕೆ ದೊಡ್ಡಮ್ಮ ಒಪ್ಪಿದೆ?’ ಅಂದ್ರೆ, ‘ಮಾತ್ರೆ ಕೊಡೋಕೆ ಬೇಕು ಅಂದ್ರಪ್ಪ, ಹೆಬ್ಬೆಟ್ಟು ಒತ್ತಿದೆ’ ಅಂದ್ಳು. ಆ ಕಾಗದದಲ್ಲಿ ಫೋಟೊ ಮಾತೂ ಇತ್ತು ಅನ್ನೋದು ಓದೋಕೆ ಬಾರದ ಅವಳಿಗೆ ಹೆಂಗೆ ಗೊತ್ತಾಗಬೇಕು?

ಇದನ್ನ ನನ್ನ ತಮ್ಮನ್ನ ಕೇಳಿಯೇ ಬರೀತಿದೀನಿ. ‘ಬರಿ ಅಣ್ಣ, ಹೆಸರು ಊರು ಬೇಡ’ ಅಂದ. ಆ ಸಂಸ್ಥೆಯ ಹೆಸರನ್ನೂ ನಾನು ಬರೆಯಲ್ಲ. ನನ್ನ ಜಗಳ ಒಂದು ಬೋರ್ಡಿನ ಜೊತೆ ಅಲ್ಲ, ಈ ಪದ್ಧತಿ ಜೊತೆ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ‘ಗಾಳಿ ಸೋಕಿದೆ’ ಅಂತ ನಾವು ಗುಡಿ, ತಾಯಿತ, ಮಂತ್ರವಾದಿ ಅಂತ ಅಲೀತಿದ್ದಾಗ, ‘ಇದು ಕಾಯಿಲೆ, ವಾಸಿ ಆಗುತ್ತೆ’ ಅಂತ ಮೊದಲು ಮನೆಗೆ ಬಂದು ಹೇಳಿದ್ದು ಆ ಸಂಸ್ಥೆಯ ಕಾರ್ಯಕರ್ತೆಯರೇ. ಅವರೂ ನಮ್ಮ ಕೇರಿ, ಹಟ್ಟಿಗಳ ಹೆಣ್ಣುಮಕ್ಕಳೇ. ಬಿಸಿಲಲ್ಲಿ ಊರೂರು ನಡೀತಾರೆ. ಅವರ ಕಾಲಿಗೆ ನಾನು ಕೈ ಮುಗೀತೀನಿ. ಆದ್ರೆ ಅವರು ನಡೆದ ದಾರೀನ ಪೋಸ್ಟರ್ ಮಾಡಿ ಮಾರೋದು ಬೇರೆಯವರು.

ಈಗ ಕಾನೂನು ಏನು ಹೇಳುತ್ತೆ ನೋಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಪಾಸಾಯ್ತು, 2018ರ ಮೇನಲ್ಲಿ ಜಾರಿಗೆ ಬಂತು. ಅದರ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ದುಡ್ಡು ಕೊಡುವ ಕಡೆ ಚಿಕಿತ್ಸೆ ಪಡೆಯೋದು ಪ್ರತಿಯೊಬ್ಬರ ಹಕ್ಕು. ಜಾತಿ ನೋಡಿ ಭೇದ ಮಾಡಂಗಿಲ್ಲ. ಬಡತನ ರೇಖೆ ಕೆಳಗಿನವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಪುಕ್ಕಟೆ. 23, 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಪಡೆಯೋರ ವಿಷಯ ಗುಟ್ಟಾಗಿರಬೇಕು, ಅವರ ಒಪ್ಪಿಗೆ ಇಲ್ಲದೆ ಫೋಟೊ ಮಾಧ್ಯಮಕ್ಕೆ ಹೋಗಂಗಿಲ್ಲ. 95ನೇ ಸೆಕ್ಷನ್ ಪ್ರಕಾರ ಯಾವ ರೂಪದಲ್ಲೂ ಸರಪಳಿ ಹಾಕಂಗಿಲ್ಲ. ಇಷ್ಟೆಲ್ಲ ಹಕ್ಕು ಇರೋ ಮನುಷ್ಯನ್ನ ನೀವು ‘ಫಲಾನುಭವಿ’ ಅಂತೀರಲ್ಲ, ಯಾರ ಮನೆ ಫಲ ರೀ ಇದು?

ಇನ್ನೊಂದು ಕತೆ ಕೇಳಿ. ನಮ್ಮ ಮೊಳಕಾಲ್ಮೂರು ದಾಟಿದ್ರೆ ಬಳ್ಳಾರಿ ಸೀಮೆ. 1985ರಲ್ಲಿ ನಿಮ್ಹಾನ್ಸ್‌ನವರು ಅದೇ ಬಳ್ಳಾರಿ ಜಿಲ್ಲೇಲಿ ಒಂದು ಪ್ರಯೋಗ ಶುರು ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೇಕಾದ ಕೆಲವೇ ಮಾತ್ರೆಗಳನ್ನ ಹಳ್ಳಿ ಮಟ್ಟದಲ್ಲೇ ಕೊಡೋದು. ಅದು ಗೆದ್ದಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯ್ತು. ಆಮೇಲೆ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲೂ ತಜ್ಞರು ವರ್ಷಗಟ್ಟಲೆ ಹಳ್ಳಿಯಲ್ಲೇ ಚಿಕಿತ್ಸೆ ಕೊಟ್ಟು ನೋಡಿದಾರೆ. ತಿಂಗಳು ತಿಂಗಳು ಮಾತ್ರೆ ತಪ್ಪದೆ ಸಿಕ್ಕರೆ ಜನ ಮತ್ತೆ ಹೊಲಕ್ಕೆ ಹೋಗ್ತಾರೆ ಅನ್ನೋದು ಗೊತ್ತಿಲ್ಲದ ವಿಷಯ ಏನಲ್ಲ. ದೇಶಕ್ಕೆ ಪಾಠ ಹೇಳಿದ ಜಿಲ್ಲೆಯ ಪಕ್ಕದಲ್ಲಿ ಕೂತಿರೋ ನಾವು ಇವತ್ತಿಗೂ ಹುಂಡಿ ನಂಬಿಕೊಂಡಿದೀವಿ.

ಕಾಗದದ ಮೇಲೆ ಎಲ್ಲಾ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಅನ್ನೋ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮ ರಾಜ್ಯದ್ದೇ. ಆದ್ರೆ ಆಸ್ಪತ್ರೆಯೊಂದರಲ್ಲಿ ನಮ್ಮ ದೊಡ್ಡಮ್ಮನಿಗೆ ‘ಮಾತ್ರೆ ಖಾಲಿ, ಮುಂದಿನ ವಾರ ಬಾ’ ಅಂದಿದ್ದು ಎಷ್ಟು ಸಲವೋ. ಅವಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ, ಸರಿ. ಮಗನಿಗೆ ಟಿಕೆಟ್. ಸರ್ಕಾರಿ ಬಸ್ ಬರದಿದ್ರೆ ಪ್ರೈವೇಟಲ್ಲಿ ಇಬ್ಬರಿಗೂ ಟಿಕೆಟ್. ಇಬ್ಬರದೂ ಒಂದು ದಿನದ ಕೂಲಿ ಹೋಯ್ತು. ಮಾತ್ರೆ ತಪ್ಪಿತು ಅಂದ್ರೆ ಎರಡು ವಾರದಲ್ಲಿ ಮತ್ತೆ ನಿದ್ದೆ ಹೋಗುತ್ತೆ, ಮತ್ತೆ ಕಿವೀಲಿ ಮಾತು ಕೇಳಿಸುತ್ತೆ. ಆಗ ಸಂಸ್ಥೆಯೋರು ಬರ್ತಾರೆ, ಮತ್ತೆ ಫೋಟೊ.

ದುಡ್ಡಿಲ್ಲ ಅಂತೀರಾ? ಚಳ್ಳಕೆರೆ ಕುದಾಪುರದಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಕೊಡೋಕೆ ದಾರಿ ಇತ್ತು. ಕುರಿ, ದನ ಮೇಯಿಸ್ತಿದ್ದೋರು ಬೇಲಿ ಹೊರಗೆ ನಿಂತ್ರು. 2013ರ ಕಾಯ್ದೆ ಪ್ರಕಾರ ಬಜೆಟ್ಟಿನ ಅಭಿವೃದ್ಧಿ ಹಣದಲ್ಲಿ ಎಸ್ಸಿ, ಎಸ್ಟಿಗಳಿಗೆ ನಮ್ಮ ಜನಸಂಖ್ಯೆಯಷ್ಟು ಪಾಲು, 24.1 ಪರ್ಸೆಂಟ್, ಬರಬೇಕು. ಆ ಹಣದಲ್ಲಿ ಸುಮಾರು 11 ಸಾವಿರ ಕೋಟಿನ 2023-24ರಲ್ಲಿ ಗ್ಯಾರಂಟಿಗಳಿಗೆ ಬಳಸಿದ್ರು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಮೀಸಲು ಕ್ಷೇತ್ರಗಳು. ನಮ್ಮ ಮನಸ್ಸಿನ ಕಾಯಿಲೆಗೆ ಆ ಪಾಲಲ್ಲಿ ಎಷ್ಟು ಬಂತು ಅಂತ ಯಾವ ಶಾಸಕರನ್ನ ನಾವು ಕೇಳಿದೀವಿ?

ಕೇಳಿಲ್ಲ. ತಪ್ಪು ನಮ್ಮದೂ ಇದೆ. ಬಗರ್‌ಹುಕುಂ, ಹಾಸ್ಟೆಲ್, ಸ್ಮಶಾನ, ಒಳಮೀಸಲಾತಿ ಅಂತ ಬೀದಿಗಿಳಿದ ನಾವು ಇದಕ್ಕೆ ಒಂದು ದಿನ ತಮಟೆ ಬಾರಿಸಲಿಲ್ಲ. ರೋಹಿತ್ ವೇಮುಲ ಹೋದಾಗ ಮೇಣದಬತ್ತಿ ಹಚ್ಚಿದೆವು. ನಮ್ಮ ಕೇರೀಲಿ ಕಟ್ಟಿಹಾಕಿದ್ದ ಹುಡುಗನ ಮನೆ ಮುಂದೆ ಮಾತ್ರ ತಲೆ ತಗ್ಗಿಸಿ ದಾಟಿಹೋದೆವು. ಸಂಘಟನೆಯೊಳಗೇ ಯಾರಾದ್ರೂ ಮಂಕಾದ್ರೆ ‘ಅವನಿಗೆ ತಲೆ ಕೆಟ್ಟಿದೆ ಬಿಡು’ ಅಂತ ನಕ್ಕಿದೀವಿ. ದಿನಾ ಅವಮಾನ ಉಣ್ಣೋ ಮನಸ್ಸು ಒಡೆಯುತ್ತೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

1927ರಲ್ಲಿ ಬಾಬಾಸಾಹೇಬರು ಮಹಾಡಿಗೆ ಹೋಗಿದ್ದು ಅಸ್ಪೃಶ್ಯರಿಗೆ ಒಂದು ಅರವಟ್ಟಿಗೆ ಇಡಿ ಅಂತ ಕೇಳೋಕಲ್ಲ. ಕೆರೆಗೇ ಇಳಿದು ನೀರು ಕುಡಿದ್ರು. ಅರವಟ್ಟಿಗೆ ಇಟ್ಟೋರು ಪುಣ್ಯವಂತರೇ ಇರಬಹುದು. ಆದ್ರೆ ಬೇಸಿಗೆ ಮುಗಿದ ಮೇಲೆ ಮಡಕೆ ಎತ್ತಿಕೊಂಡು ಹೋಗ್ತಾರೆ. ದಾನಿಗಳ ದುಡ್ಡಿನ ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತೆ, ನನ್ನ ತಮ್ಮನ ಮಾತ್ರೆ ಮೂರು ವರ್ಷಕ್ಕೆ ಮುಗಿಯಲ್ಲ. ನಮಗೆ ಕೆರೆ ಬೇಕು.

ಅದಕ್ಕೆ ಈಗ ಮಾಡಬೇಕಾದ್ದು:

1. ಸಂಸ್ಥೆಗಳಿಗೆ: ಕಾಯಿಲೆಯವರ ಮುಖ ತೋರಿಸಿ ದುಡ್ಡು ಎತ್ತೋದು ನಿಲ್ಲಿಸಿ. ಹಾಕಿರೋದನ್ನ ತೆಗೀರಿ. ಬಂದ ದುಡ್ಡೆಷ್ಟು, ಮಾತ್ರೆಗೆ ಹೋಗಿದ್ದೆಷ್ಟು, ಊರೂರು ನಡೆಯೋ ಹೆಣ್ಣುಮಕ್ಕಳ ಸಂಬಳಕ್ಕೆ ಹೋಗಿದ್ದೆಷ್ಟು, ಕನ್ನಡದಲ್ಲಿ ಬರೆದು ಊರಲ್ಲಿ ಅಂಟಿಸಿ.

2. ಗೆಳೆಯರಿಗೆ: ಎರಡೂ ತಾಲ್ಲೂಕಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಒಂದು ವರ್ಷದಲ್ಲಿ ಎಷ್ಟು ಮಂಗಳವಾರ ಮನೋವೈದ್ಯರು ಬಂದ್ರು, ಎಷ್ಟು ದಿನ ಮಾತ್ರೆ ಖಾಲಿ ಇತ್ತು. ಎರಡೇ ಪ್ರಶ್ನೆ. ಉತ್ತರ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂರೋಣ.

3. ಮನೆಯವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಾಚಿಕೆ ಬೇಡ. ಹೆಬ್ಬೆಟ್ಟು ಒತ್ತೋ ಮುಂಚೆ ಓದಿಸಿ ಕೇಳಿ.

ರಾತ್ರಿ ತಡೆಯೋಕೆ ಆಗದಷ್ಟು ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ನನಗೂ ಮೆಸೇಜ್ ಮಾಡಿ, ಜೊತೆಗೆ ಆಸ್ಪತ್ರೆಗೆ ಬರ್ತೀನಿ. ಫೋಟೊ ತೆಗೆಯಲ್ಲ.

ಜೈ ಭೀಮ್.