ಕುಸಿಯುವ ಬೆಟ್ಟದ ಎದುರು ಕ್ಯಾಮೆರಾ
1980ರ ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತದಡಿ ಭೂಮಿ ಕಂಪಿಸಿತು, ಅದರ ಉತ್ತರದ ಮಗ್ಗುಲು ಇಡಿಯಾಗಿ ಜಾರತೊಡಗಿತು. ಸುಮಾರು 18 ಕಿಲೋಮೀಟರ್ ದೂರದ ಬೇರ್ ಮೆಡೋದಲ್ಲಿ ಬಿಡಾರ ಹೂಡಿದ್ದ ಗ್ಯಾರಿ ರೋಸೆನ್‌ಕ್ವಿಸ್ಟ್ ಒಂದರ ಹಿಂದೊಂದು ಚಿತ್ರ ತೆಗೆದರು. ಅವರು ವಿಜ್ಞಾನಿಯಲ್ಲ. ಆದರೆ ವಿಜ್ಞಾನಿಗಳು ಆ ಚಿತ್ರಗಳನ್ನು ಸಾಲಾಗಿಟ್ಟು, ಯಾವುದು ಯಾವ ಕ್ಷಣದ್ದೆಂದು ಲೆಕ್ಕ ಹಾಕಿದಾಗ ಅನಾಹುತದ ಕ್ರಮವೇ ಬಿಚ್ಚಿಕೊಂಡಿತು: ಮೊದಲು ಬೆಟ್ಟ ಕುಸಿಯಿತು, ಅದರೊಳಗೆ ಹುದುಗಿದ್ದ ಶಿಲಾಪಾಕದ ಮೇಲಿನ ಭಾರ ತಟ್ಟನೆ ಇಳಿಯಿತು, ಆಮೇಲಷ್ಟೇ ಸ್ಫೋಟ, ಅದೂ ಆಕಾಶಕ್ಕಲ್ಲ, ಪಕ್ಕಕ್ಕೆ. ಸುಮಾರು 600 ಚದರ ಕಿಲೋಮೀಟರ್ ನೆಲ ಹಾಳಾಯಿತು, 57 ಜನ ಸತ್ತರು. ಕಣ್ಣಿನ ನೆನಪು ಗಾಬರಿಯಲ್ಲಿ ಹಿಂದುಮುಂದಾಗುತ್ತದೆ. ಫಿಲ್ಮ್ ಮಾತ್ರ ಕ್ರಮ ತಪ್ಪುವುದಿಲ್ಲ, ಇಂಥ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಸತ್ತವರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಡೇವಿಡ್ ಜಾನ್‌ಸ್ಟನ್ ಒಬ್ಬರು. ಹಿಂದಿನ ಸಂಜೆ, ಪರ್ವತದಿಂದ ಹತ್ತು ಕಿಲೋಮೀಟರಿನಷ್ಟೇ ದೂರದ ವೀಕ್ಷಣಾ ಠಾಣೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಅವರ ಚಿತ್ರ ತೆಗೆದವರು ಕಿರಿಯ ಸಹೋದ್ಯೋಗಿ ಹ್ಯಾರಿ ಗ್ಲಿಕನ್. ಆ ಠಾಣೆಯ ಕಾವಲು ಅಲ್ಲಿಯವರೆಗೆ ಗ್ಲಿಕನ್‌ರದಾಗಿತ್ತು. ಅವರು ಮುಂದೆ ವರ್ಷಗಟ್ಟಲೆ ಆ ಕುಸಿತದ ಕಲ್ಲುಮಣ್ಣಿನ ರಾಶಿಯನ್ನೇ ಅಭ್ಯಸಿಸಿದರು, ರೋಸೆನ್‌ಕ್ವಿಸ್ಟ್ ತೆಗೆದ ಚಿತ್ರಗಳೊಂದಿಗೆ ತಾಳೆ ನೋಡಿದರು. ಸೇಂಟ್ ಹೆಲೆನ್ಸ್ ಕಲಿಸಿದ ಪಾಠದಿಂದಲೇ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತದ ಬುಡದಲ್ಲಿ ಹರಡಿರುವ ನೂರಾರು ದಿಬ್ಬಗಳೂ ಇಂಥದೇ ಪುರಾತನ ಕುಸಿತದವು ಎಂದು ಗುರುತಾಯಿತು.