ಕನಸಿನ ಪರದೆಯಲ್ಲೂ ಕನ್ನಡವಿಲ್ಲ

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಜೇವರ್ಗಿ ಕಡೆಯವನು, ಮೊನ್ನೆ ತಾನೇ ಬರೆದ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ‘ವಿಂಡೋಸ್ 12 ಹೀಗಿದ್ದರೆ ಹೇಗೆ, ಸರ್?’ ಎಂಬುದು ಅವನ ಪ್ರಶ್ನೆ. 2021ರಲ್ಲಿ ವಿಂಡೋಸ್ 11 ಬಂದ ಮೇಲೆ, ಮುಂದಿನದು ಹೇಗಿರಬೇಕೆಂದು ಅಭಿಮಾನಿಗಳು ಕಲ್ಪಿಸಿ ಬರೆದ ಇಂಥ ಚಿತ್ರಗಳಿಗೆ ಲೆಕ್ಕವಿಲ್ಲ. ಗಾಜಿನಂತೆ ಹೊಳೆಯುವ ಕಿಟಕಿಗಳು, ದುಂಡನೆಯ ಮೂಲೆಗಳು, ತೇಲುವ ಪಟ್ಟಿಗಳು. ಅಂದವಾಗಿವೆ, ಒಪ್ಪುತ್ತೇನೆ. ಆದರೆ ಜೇವರ್ಗಿಯ ಹುಡುಗನ ಚಿತ್ರದಲ್ಲಿಯೂ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ.

ಕೇಳಿದರೆ ‘ಇದು ಬರೀ ಚಿತ್ರ, ಸರ್’ ಎಂದ. ನನ್ನ ತಕರಾರು ಇರುವುದೇ ಅಲ್ಲಿ. ಚಿತ್ರ ಬರೆಯಲು ಕಂಪನಿಯ ಅಪ್ಪಣೆ ಬೇಕಿಲ್ಲ, ಒಂದು ಸಾಲು ಪ್ರೋಗ್ರಾಮೂ ಬೇಕಿಲ್ಲ. ಯಾವ ಅಡ್ಡಿಯೂ ಇಲ್ಲದ ಕಡೆಯಲ್ಲೂ ಕನ್ನಡ ನೆನಪಾಗದಿದ್ದರೆ ಅಮೆರಿಕದವರನ್ನು ದೂರಿ ಏನು ಫಲ? ಅವರಾದರೂ ಪಟ್ಟಿಗಳನ್ನು ಕನ್ನಡಕ್ಕೆ ಬದಲಿಸಿಕೊಳ್ಳುವ ಸೌಲಭ್ಯ ಕೊಟ್ಟಿದ್ದಾರೆ.

ಹವ್ಯಾಸಿಗಳೆಂದು ನಾನು ಹಳಿಯುತ್ತಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವೂ ಒಬ್ಬರ ಸ್ವಂತ ಆಸಕ್ತಿಯಿಂದಲೇ ಹುಟ್ಟಿದ್ದು. ಅವರು ಅಕ್ಷರದಿಂದ ಆರಂಭಿಸಿದರು. ಇವರು ಗಾಜಿನಿಂದ ಆರಂಭಿಸುತ್ತಾರೆ.

ನಮ್ಮ ಲಿಪಿಯ ಅಗತ್ಯವೇ ಬೇರೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸಾಲಿನಿಂದ ಕೆಳಗಿಳಿಯುವವು ಬೆರಳೆಣಿಕೆಯವು, ಅವಕ್ಕೂ ಇರುವುದು ಬಾಲ ಮಾತ್ರ. ನಮ್ಮಲ್ಲಿ ಇಡೀ ಒತ್ತಕ್ಷರವೇ ಕೆಳಗೆ ಕೂರುತ್ತದೆ. ಇಕ್ಕಟ್ಟಿನ ಪಟ್ಟಿಯಲ್ಲಿ ಆಳಂದ, ಅಫಜಲಪುರ ಹೇಗೋ ಹಿಡಿಸಿಯಾವು. ‘ಅವ್ವ’, ‘ಅಣ್ಣ’, ‘ಅಕ್ಕ’ ಎಂದು ಬರೆದು ನೋಡಿ. ಒತ್ತು ಕತ್ತರಿಸಿಹೋದರೆ ಅಕ್ಕ ‘ಅಕ’ ಆಗುತ್ತಾಳೆ. ಜೇವರ್ಗಿಯ ಅರ್ಕಾವೊತ್ತಂತೂ ಉಚ್ಚಾರದಲ್ಲಿ ‘ಗಿ’ಗೆ ಮೊದಲು, ಬರವಣಿಗೆಯಲ್ಲಿ ಅದರ ನಂತರ. ಮಕ್ಕಳಿಗೆ ಇದನ್ನು ಕಲಿಸಲು ನಾನು ಪಟ್ಟ ಪಾಡು ಚಾಕ್‌ಪೀಸಿಗೇ ಗೊತ್ತು.

ಅಫಜಲಪುರದ ಕಡೆ ಶಾಲೆಯೊಂದರ ಗಣಕದ ಕೋಣೆಯಲ್ಲಿ ಒಬ್ಬ ಹುಡುಗಿಯನ್ನು ಕಂಡಿದ್ದೆ. ತೊಗರಿ ಬೆಳೆಯುವ ರೈತನ ಮಗಳು, ಕನ್ನಡವನ್ನು ನಿರರ್ಗಳವಾಗಿ ಓದುವವಳು. ಪರದೆಯ ಪಟ್ಟಿಯನ್ನು ಮಾತ್ರ ಆಕೆ ಓದುತ್ತಿರಲಿಲ್ಲ. ‘ಮೇಲಿನಿಂದ ಮೂರನೆಯದು, ಸರ್’ ಎಂದು ಎಣಿಸುತ್ತಿದ್ದಳು. ಓದುಬಲ್ಲವಳನ್ನು ಅನಕ್ಷರಸ್ಥೆಯನ್ನಾಗಿ ಮಾಡುವ ಪರದೆಗೆ ಇನ್ನಷ್ಟು ಹೊಳಪೇಕೆ?

ಹುಡುಗನಿಗೆ ಒಂದೇ ಕೆಲಸ ಹೇಳಿದೆ: ಅದೇ ಪಟ್ಟಿಯಲ್ಲಿ ‘ಅವ್ವ’ ಎಂದೂ ನಿನ್ನೂರಿನ ಹೆಸರನ್ನೂ ಬರೆದು ಕಳಿಸು. ಎರಡು ದಿನಗಳ ಮೇಲೆ ಕಳುಹಿಸಿದ. ಪಟ್ಟಿ ತುಸು ದಪ್ಪವಾಗಿತ್ತು. ‘ಅಂದ ಕೆಟ್ಟಿತು, ಸರ್’ ಎಂಬ ಒಕ್ಕಣೆ ಬೇರೆ. ಆ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಕನ್ನಡದಲ್ಲಿ ಬರೆದು ಕಳಿಸೆಂದು ಹಿಂದಿರುಗಿಸಿದ್ದೇನೆ.